ಪಾಯಿಂಟ್ ಉಜ್ಜಿದ ಕಾಲದಿಂದ ಕರಿ ಡಬ್ಬಿಯ ಕಾಲಕ್ಕೆ: ನಮ್ಮ ಫಟಫಟಿಯ ಕರೆಂಟಿನ ಕತೆ

ಹೋದ ವರ್ಷ ಶ್ರಾವಣದಲ್ಲಿ ಸುದ್ದಿಗೆಂದು ವಿಜಯಪುರದಿಂದ ತಿಕೋಟಾಕ್ಕೆ ಹೊರಟಿದ್ದೆವು. ಊರು ದಾಟುವ ಮೊದಲೇ ಗಾಡಿ ಸತ್ತಿತು. ಹಾರ್ನ್ ಇಲ್ಲ, ಲೈಟ್ ಇಲ್ಲ, ಸೆಲ್ಫ್ ಒತ್ತಿದರೆ ಟಿಕ್ ಎನ್ನುವ ಸದ್ದೂ ಇಲ್ಲ. ನೂಕಿಕೊಂಡು ಒಂದು ಗ್ಯಾರೇಜಿಗೆ ಹೋದರೆ, ‘ಬ್ಯಾಟರಿ ಹೋಗೇತಿ, ವೈರಿಂಗೂ ಪೂರಾ ಬದಲ್ ಮಾಡ್ಬೇಕು’ ಅಂದರು. ಹೇಳಿದ ಮೊತ್ತ ನಮ್ಮ ತಿಂಗಳ ಗಳಿಕೆಯ ಅರ್ಧಕ್ಕೆ ಬಂತು. ಸುದ್ದಿಗೆ ಇಷ್ಟು ಎಂದು ರೊಕ್ಕ ಪಡೆಯುವವರು ನಾವು. ಗಾಡಿ ನಿಂತರೆ ಸುದ್ದಿ ನಿಂತಿತು, ಸುದ್ದಿ ನಿಂತರೆ ರೊಕ್ಕ ನಿಂತಿತು. ಮತ್ತೆ ಮನೆಗೆ ನೂಕಿಕೊಂಡು ಬಂದೆವು.

ಸಂತೆಗೆ ಬಂದಿದ್ದ ಬಬಲೇಶ್ವರದ ಕಾಕಾ ಅವತ್ತು ನಮ್ಮ ಮನೆಯಲ್ಲೇ ಇದ್ದರು. ಎಪ್ಪತ್ತು ದಾಟಿದವರು. ಚಹಾ ಕುಡಿದು, ಸೀಟು ತೆಗೆಸಿ, ಬ್ಯಾಟರಿಯಿಂದ ಚಾಸಿಗೆ ಹೋಗುವ ವೈರನ್ನು ಬೆರಳಿಂದ ಅಲ್ಲಾಡಿಸಿದರು. ‘ಇಲ್ಲಿ ನೋಡ್ರೋ ತಮ್ಮಾ, ಬೋಲ್ಟಿನ ಬುಡಕ ಜಂಗ್ ತಿಂದೈತಿ. ಅರ್ಥಿಂಗ್ ಇಲ್ಲದ ಕರೆಂಟ್ ಎಲ್ಲಿಗೆ ಹೋಗಬೇಕು?’ ಪಾನಾದಿಂದ ಬಿಚ್ಚಿ, ಸ್ಯಾಂಡ್ ಪೇಪರಿನಿಂದ ಉಜ್ಜಿ, ಬಿಗಿ ಮಾಡಿದೆವು. ಹತ್ತು ನಿಮಿಷ. ಗಾಡಿ ಚಾಲೂ ಆಯಿತು.

ಕಾಕಾ ಮೆಕ್ಯಾನಿಕ್ ಅಲ್ಲ, ರೈತರು. ಇದನ್ನು ಎಲ್ಲಿ ಕಲಿತಿರಿ ಎಂದು ಕೇಳಿದರೆ, ‘ಜಾವಾ ಕಲಿಸ್ತು’ ಅಂದರು.

ಆ ಜಾವಾ ನಮ್ಮ ರಾಜ್ಯದ್ದೇ ಗಾಡಿ. ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿ ಶುರುವಾಯಿತು. ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಅದನ್ನು ಕಟ್ಟಿದವರು. 1961ರಿಂದ ಯಾದವಗಿರಿಯ ಕಾರ್ಖಾನೆಯಿಂದ ಗಾಡಿಗಳು ಹೊರಬಂದವು. 1973ರ ಹೊತ್ತಿಗೆ ಹೆಸರು ಯೆಜ್ಡಿ ಆಯಿತು. 1996ರಲ್ಲಿ ಬಾಗಿಲು ಮುಚ್ಚಿತು. ಪ್ಲಗ್ಗೂ ದೂರದ್ದಲ್ಲ: 1951ರಲ್ಲಿ ಹುಟ್ಟಿದ, ಬೆಂಗಳೂರಿನ ಮೈಕೋ ಕಂಪನಿಯ ಸ್ಪಾರ್ಕ್ ಪ್ಲಗ್ ಆಗ ಮನೆಮಾತು. ಗಾಡಿ ಮೈಸೂರಿನದು, ಕಿಡಿ ಬೆಂಗಳೂರಿನದು, ಧೂಳು ಮಾತ್ರ ನಮ್ಮ ವಿಜಯಪುರದ್ದು.

ಆ ಜಾವಾದ ಕರೆಂಟ್ 6 ವೋಲ್ಟಿನದು. ಕೀಲಿ ಎಂದರೆ ಮೊಳೆಯಂಥ ಒಂದು ಕಡ್ಡಿ. ಬ್ಯಾಟರಿ ಇಳಿದರೆ ನೂಕಿ ಚಾಲೂ ಮಾಡುವುದಕ್ಕೆಂದೇ ಕೀಲಿಗೆ ಒಂದು ಜಾಗ ಬೇರೆ ಇತ್ತು. ಗಾಡಿ ಮಾಡಿದವರಿಗೇ ಗೊತ್ತಿತ್ತು, ಬ್ಯಾಟರಿ ಒಂದಿಲ್ಲೊಂದು ದಿನ ಕೈಕೊಡುತ್ತದೆ ಎಂದು.

ಕಿಡಿ ಹುಟ್ಟುವ ಬಗೆ ಹೀಗಿತ್ತು. ಬ್ಯಾಟರಿಯ ಕರೆಂಟ್ ಕಾಯಿಲ್ ಒಳಗೆ ಹರಿಯುತ್ತದೆ. ಎಂಜಿನ್ ತಿರುಗಿದಾಗ ‘ಪಾಯಿಂಟ್’ ಎಂಬ ಎರಡು ಸಣ್ಣ ಲೋಹದ ತುದಿಗಳು ಒಮ್ಮೆ ಕೂಡಿ ಒಮ್ಮೆ ಬಿಡುತ್ತವೆ. ಬಿಟ್ಟ ಕ್ಷಣಕ್ಕೆ ಕಾಯಿಲ್‌ನಲ್ಲಿ ಸಾವಿರಾರು ವೋಲ್ಟ್ ಎದ್ದು ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುತ್ತದೆ. ಪಾಯಿಂಟ್‌ಗಳ ನಡುವಿನ ಸಂದು ಅರ್ಧ ಮಿಲಿಮೀಟರಿಗೂ ಕಡಿಮೆ. ಅಲ್ಲಿ ಧೂಳು ಕೂತರೆ, ಎಣ್ಣೆ ಹತ್ತಿದರೆ, ತುದಿ ಸುಟ್ಟು ಕರಿ ಆದರೆ ಗಾಡಿ ನಿಂತಿತೆಂದೇ ಅರ್ಥ. ಪಕ್ಕದಲ್ಲಿ ಕಂಡೆನ್ಸರ್ ಎಂಬ ಸಣ್ಣ ಡಬ್ಬಿ ಇರುತ್ತಿತ್ತು. ಅದು ಕೆಟ್ಟರೆ ಪಾಯಿಂಟಿನ ಬಾಯಲ್ಲೇ ಕಿಡಿ ಹೊಳೆದು, ಪ್ಲಗ್ಗಿನಲ್ಲಿ ಕಿಡಿ ಸೊರಗುತ್ತಿತ್ತು. ಇದೆಲ್ಲ ಕಣ್ಣಿಗೆ ಕಾಣುತ್ತಿತ್ತು. ಹಾಗಾಗಿಯೇ ಕಾಕಾನಂಥವರು ಡಬ್ಬಿಯಲ್ಲಿ ಸ್ಯಾಂಡ್ ಪೇಪರ್, ಪ್ಲಗ್ ಪಾನಾ, ಒಂದು ಹಳೆಯ ಪ್ಲಗ್, ಎರಡು ವೈರ್ ಕಟ್ಟಿದ ಬಲ್ಬು ಇಟ್ಟುಕೊಂಡು ಹೊಲಕ್ಕೆ ಹೋಗುತ್ತಿದ್ದರು. ಬಲ್ಬಿನ ಒಂದು ವೈರನ್ನು ಚಾಸಿಗೆ ತಾಗಿಸಿ ಇನ್ನೊಂದನ್ನು ಸಂಶಯ ಬಂದ ಕಡೆಗೆಲ್ಲ ತಾಗಿಸುತ್ತ ಹೋಗುವುದು. ಎಲ್ಲಿ ಬಲ್ಬು ಹತ್ತುವುದಿಲ್ಲವೋ ಅದರ ಹಿಂದೆಯೇ ದೋಷ. ಬುಲೆಟ್ ಇದ್ದವರಿಗೆ ಇನ್ನೂ ಸುಲಭ. ಹೆಡ್‌ಲೈಟಿನ ಮೇಲೆ ಆಂಪಿಯರ್ ಮುಳ್ಳು ಇತ್ತು, ಚಾರ್ಜ್ ಆಗುತ್ತಿದೆಯೋ ಇಳಿಯುತ್ತಿದೆಯೋ ಓಡಿಸುವಾಗಲೇ ಕಾಣುತ್ತಿತ್ತು.

6 ವೋಲ್ಟಿನ ಗಾಡಿ ಯಾಕೆ ಅಷ್ಟು ಕಾಡುತ್ತಿತ್ತು ಎಂಬುದಕ್ಕೂ ಲೆಕ್ಕ ಇದೆ. 30 ವ್ಯಾಟಿನ ಬಲ್ಬಿಗೆ 6 ವೋಲ್ಟಿನಲ್ಲಿ 5 ಆಂಪಿಯರ್ ಕರೆಂಟ್ ಬೇಕು, 12 ವೋಲ್ಟಿನಲ್ಲಿ ಎರಡೂವರೆ ಸಾಕು. ಜಂಗ್ ಹಿಡಿದ ಒಂದು ಜೋಡಣೆ 6ರಲ್ಲಿ ಒಂದು ವೋಲ್ಟ್ ತಿಂದರೆ, ಅದೇ ಜಂಗ್ 12ರಲ್ಲಿ ಅರ್ಧ ವೋಲ್ಟ್ ತಿನ್ನುತ್ತದೆ. ಮೊದಲಿನದರಲ್ಲಿ ಆರರಲ್ಲಿ ಒಂದು ಪಾಲು ಹೋಯಿತು, ಎರಡನೆಯದರಲ್ಲಿ ಇಪ್ಪತ್ನಾಲ್ಕರಲ್ಲಿ ಒಂದು. ಹಳೆಯ ಗಾಡಿಯ ಲೈಟು ಮೇಣಬತ್ತಿಯಂತೆ ಮಿಣುಕುತ್ತಿತ್ತು ಎಂದು ಹಿರಿಯರು ಹೇಳುವುದು ಸುಳ್ಳಲ್ಲ.

1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು, ಯಮಹಾ ಆರ್‌ಎಕ್ಸ್ 100 ಬಂತು. ನೂರು ಸಿಸಿಯ ಗಾಡಿಗಳು ಹಳ್ಳಿಗಳಿಗೆ ನುಗ್ಗಿದವು. ಬರುಬರುತ್ತ 12 ವೋಲ್ಟ್ ಎಲ್ಲರ ರೂಢಿಯಾಯಿತು, ಪಾಯಿಂಟಿನ ಜಾಗಕ್ಕೆ ಸಿಡಿಐ ಎಂಬ ಕರಿ ಡಬ್ಬಿ ಕೂತಿತು. ಉಜ್ಜುವುದಕ್ಕೆ ಏನೂ ಉಳಿಯಲಿಲ್ಲ, ಒಳ್ಳೆಯದೇ ಆಯಿತು. ಆದರೆ ಬಿಚ್ಚಿ ನೋಡುವ ರೂಢಿಯೂ ಜೊತೆಗೇ ಹೋಯಿತು. ಡಬ್ಬಿಯಲ್ಲಿ ಏನಿದೆ ಎಂದು ಯಾರಿಗೂ ಕಾಣದು, ಆದ್ದರಿಂದ ಏನು ಕೆಟ್ಟರೂ ‘ಡಬ್ಬಿ ಹೋಗೇತಿ’ ಎನ್ನುವುದು ಸುಲಭವಾಯಿತು. 2017ರ ಏಪ್ರಿಲ್‌ನಿಂದ ಹೊಸ ಗಾಡಿಗಳ ಹೆಡ್‌ಲೈಟ್ ಹಗಲೂ ಉರಿಯತೊಡಗಿತು. 2020ರ ಏಪ್ರಿಲ್‌ನಿಂದ ಬಿಎಸ್ 6 ನಿಯಮ ಬಂದು ಹೆಚ್ಚಿನ ಬೈಕುಗಳಲ್ಲಿ ಕಾರ್ಬುರೇಟರ್ ಹೋಗಿ ಇಂಜೆಕ್ಷನ್ ಬಂತು, ಅದಕ್ಕೊಂದು ಸಣ್ಣ ಕಂಪ್ಯೂಟರ್ ಬಂತು. ಪೆಟ್ರೋಲ್ ಪಂಪೂ ಈಗ ಕರೆಂಟಿನ ಮೇಲೆ ಓಡುತ್ತದೆ. ಬ್ಯಾಟರಿ ಪೂರ್ತಿ ಸತ್ತರೆ ನೂಕಿದರೂ ಅಷ್ಟು ಸುಲಭಕ್ಕೆ ಚಾಲೂ ಆಗದು.

ಹಾಗಾದರೆ ಮನೆಯಲ್ಲಿ ನೋಡುವುದು ಏನೂ ಉಳಿದಿಲ್ಲವೇ? ಕಾಕಾ ತೋರಿಸಿದ್ದೇ ಅದು. ಕಂಪ್ಯೂಟರ್ ಹೊಸದು, ಬೋಲ್ಟಿನ ಬುಡದ ಜಂಗ್ 1961ರದ್ದೇ. ತಿಕೋಟಾ ಕಡೆ ದ್ರಾಕ್ಷಿ ಪಡಕ್ಕೆ ಔಷಧದ ಕ್ಯಾನು ಹೊರುವ ಗಾಡಿಗಳನ್ನು ನೋಡಿ. ಮೈಲುತುತ್ತ ಚೆಲ್ಲಿದರೆ ಕಬ್ಬಿಣ ಬೇಗ ತಿನ್ನುತ್ತದೆ, ವೈರಿನ ತುದಿ ಹಸಿರಾಗುತ್ತದೆ. ಕಣಿಕಿ ಬಣವಿ ಪಕ್ಕ ನಿಲ್ಲಿಸಿದ ಗಾಡಿಯ ವೈರನ್ನು ಇಲಿ ಕಡಿಯುತ್ತದೆ. ಇವಕ್ಕೆ ಕಂಪ್ಯೂಟರ್ ಬೇಕಿಲ್ಲ, ಹಗಲು ಬೆಳಕು ಮತ್ತು ಕಣ್ಣು ಸಾಕು.

ಹಾರ್ನ್, ಲೈಟ್, ಸೆಲ್ಫ್ ಮೂರೂ ಒಟ್ಟಿಗೆ ಸತ್ತರೆ ಮೊದಲು ಫ್ಯೂಸ್, ಬ್ಯಾಟರಿಯ ಎರಡೂ ತುದಿ, ಅರ್ಥಿಂಗ್ ನೋಡಿ. ಒಂದೇ ಸತ್ತರೆ ಅದರ ಸ್ವಿಚ್ಚು, ಬಲ್ಬು, ವೈರ್ ನೋಡಿ. ಲೈಟ್ ಇದ್ದು ಎಂಜಿನ್ ಹಿಡಿಯದಿದ್ದರೆ ಕಿಲ್ ಸ್ವಿಚ್ ಮತ್ತು ಸೈಡ್ ಸ್ಟ್ಯಾಂಡ್ ನೋಡಿ (ಇದನ್ನು ಮರೆತು ಅರ್ಧ ತಾಸು ಕಿಕ್ ಹೊಡೆದವರಲ್ಲಿ ನಾವೂ ಇದ್ದೇವೆ). ಕೆಲವು ನೂರು ರೂಪಾಯಿಗೆ ಮಲ್ಟಿಮೀಟರ್ ಸಿಗುತ್ತದೆ, ನಾಲ್ಕು ಮನೆ ಸೇರಿ ಒಂದು ತಂದರೂ ಆದೀತು. ಗಾಡಿ ನಿಂತಿದ್ದಾಗ ಒಳ್ಳೆಯ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. ಚಾಲೂ ಮಾಡಿ ಎಕ್ಸಲೇಟರ್ ಕೊಟ್ಟಾಗ 14ರ ಹತ್ತಿರ ಏರಬೇಕು. ಏರದಿದ್ದರೆ ಚಾರ್ಜ್ ಆಗುತ್ತಿಲ್ಲ, ಹೊಸ ಬ್ಯಾಟರಿ ಹಾಕಿದರೂ ಅದೂ ಇಳಿಯುತ್ತದೆ. 15 ದಾಟಿದರೆ ರೆಗ್ಯುಲೇಟರ್ ಮೇಲೆ ಸಂಶಯ ಪಡಿ.

ಕಾಕಾನ ಕಾಲದ ಎರಡು ರೂಢಿ ಮಾತ್ರ ಬಿಡಬೇಕು. ಫ್ಯೂಸ್ ಹೋದರೆ ಸಿಗರೇಟಿನ ಬೆಳ್ಳಿ ಕಾಗದ ಸುತ್ತುವುದು ಒಂದು. ಫ್ಯೂಸ್ ಸುಡದಿದ್ದರೆ ವೈರ್ ಸುಡುತ್ತದೆ, ವೈರಿನ ಮೇಲೆಯೇ ಪೆಟ್ರೋಲ್ ಟ್ಯಾಂಕ್ ಇದೆ. ಕೆಂಪು ಫ್ಯೂಸ್ 10 ಆಂಪಿಯರ್, ನೀಲಿ 15, ಹಳದಿ 20. ಯಾವ ಬಣ್ಣ ಹೋಯಿತೋ ಅದೇ ಹಾಕಿ. ಇನ್ನೊಂದು, ಪ್ಲಗ್ ವೈರನ್ನು ಗಾಳಿಯಲ್ಲಿ ಹಿಡಿದು ಕಿಕ್ ಹೊಡೆದು ಕಿಡಿ ನೋಡುವುದು, ಎಂಜಿನ್ ಓಡುವಾಗ ಬ್ಯಾಟರಿ ಬಿಚ್ಚುವುದು. ಜಾವಾ ಅದನ್ನು ತಾಳಿಕೊಂಡಿತು. ಇಂದಿನ ಕರಿ ಡಬ್ಬಿ ತಾಳುವುದಿಲ್ಲ, ಆಗ ನಿಜವಾಗಿಯೇ ‘ಡಬ್ಬಿ ಹೋಗೇತಿ’.

ಇಷ್ಟೆಲ್ಲ ನೋಡಿಯೂ ಆಗದಿದ್ದರೆ ಗ್ಯಾರೇಜಿಗೇ ಹೋಗಬೇಕು, ಅವರಿಗೂ ಹೊಟ್ಟೆಯಿದೆ. ಆದರೆ ಹೋಗುವಾಗ ಎಷ್ಟು ವೋಲ್ಟ್ ಇತ್ತು, ಏನೇನು ನೋಡಿದೆವು ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗುತ್ತೇವೆ. ಮೊನ್ನೆ ಹಾಗೆ ಹೋದಾಗ ಮೆಕ್ಯಾನಿಕ್ ಚೀಟಿ ಓದಿ, ‘ಮತ್ತ ನಮ್ಮ ಕಡೆ ಯಾಕ ಬಂದ್ರಿ?’ ಎಂದು ನಕ್ಕು, ರೆಗ್ಯುಲೇಟರ್ ಒಂದನ್ನೇ ಬದಲಿಸಿ ಕಳಿಸಿದ.