ಮನೆಯ ಗಾಡಿ, ಪಂದ್ಯದ ಗಾಡಿ

ನಂಜನಗೂಡಿನ ಹಳೆಯ ಸೇತುವೆಯನ್ನು ನೋಡದ ಮೈಸೂರಿಗರು ಇರಲಾರರು. ದಳವಾಯಿ ದೇವರಾಜಯ್ಯನವರ ಕಾಲದಲ್ಲಿ, 1735ರಲ್ಲಿ, ಎತ್ತಿನ ಗಾಡಿಗಳಿಗೆಂದು ಕಟ್ಟಿದ ಈ ಕಲ್ಲುಸೇತುವೆ ಮುಂದೆ ರೈಲುಗಾಡಿಯನ್ನೂ ಹೊತ್ತಿತು. ಒಂದು ಕೆಲಸಕ್ಕೆಂದು ಹುಟ್ಟಿದ ವಸ್ತು ಇನ್ನೊಂದು ಕೆಲಸಕ್ಕೂ ಒದಗಬಲ್ಲುದೆ, ಒದಗಿದರೆ ಮೊದಲ ಕೆಲಸ ಕೆಡದಂತೆ ನೋಡಿಕೊಳ್ಳುವುದು ಹೇಗೆ ಎಂಬ ಪ್ರಶ್ನೆ ನನಗೆ ಈಚೆಗೆ ಬಂದದ್ದು ಈ ಸೇತುವೆಯ ಬಳಿಯಲ್ಲೇ. ಗೆಳೆಯರೊಬ್ಬರ ಮಗ ತನ್ನ ಕಾರನ್ನು ಅಲ್ಲಿ ನಿಲ್ಲಿಸಿ ಅದರ ಚಕ್ರಗಳನ್ನು ತೋರಿಸುತ್ತಿದ್ದ. ವಾರವಿಡೀ ತಿ. ನರಸೀಪುರಕ್ಕೆ ಕೆಲಸಕ್ಕೆ ಹೋಗಿಬರುವ ಕಾರು ಅದು. ವರ್ಷಕ್ಕೆ ಮೂರು ನಾಲ್ಕು ಬಾರಿ ಕೊಯಮತ್ತೂರಿನ ಪಂದ್ಯದ ಹಾದಿಯಲ್ಲಿ ಓಡಿ ಬರುತ್ತದೆ. "ಇದೆಂಥ ಹುಚ್ಚಪ್ಪಾ?" ಎಂದೆ. ಆದರೆ ಹುಚ್ಚಿಗೂ ಒಂದು ಚರಿತ್ರೆ ಉಂಟಷ್ಟೆ.

ಮೋಟಾರು ಹುಟ್ಟಿದ ಹೊಸತರಲ್ಲಿ ಪಂದ್ಯಕ್ಕೆ ಬೇರೆ ಹಾದಿ ಇರಲಿಲ್ಲ. ಜನ ನಡೆಯುವ ರಸ್ತೆಯೇ ಪಂದ್ಯದ ಹಾದಿ. 1903ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನಿಂದ ಮ್ಯಾಡ್ರಿಡ್ಡಿಗೆ ಹೊರಟ ಪಂದ್ಯದಲ್ಲಿ ಮೊದಲ ದಿನವೇ ಸಾರಥಿಗಳೂ ದಾರಿಬದಿಯ ಜನರೂ ಸತ್ತರು. ರೆನೋ ಸೋದರರಲ್ಲಿ ಒಬ್ಬನಾದ ಮಾರ್ಸೆಲ್ ತೀರಿಕೊಂಡದ್ದು ಆ ಪಂದ್ಯದಲ್ಲೇ. ಫ್ರೆಂಚ್ ಸರ್ಕಾರ ಓಟವನ್ನು ಬೋರ್ದೋ ಪಟ್ಟಣದಲ್ಲಿ ನಿಲ್ಲಿಸಿಬಿಟ್ಟಿತು. ನಾಲ್ಕು ವರ್ಷದ ಮೇಲೆ, 1907ರಲ್ಲಿ, ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸಿನಲ್ಲಿ ಪಂದ್ಯಕ್ಕೆಂದೇ ಕಟ್ಟಿದ ಹಾದಿ ತೆರೆಯಿತು. ಪಂದ್ಯ ರಸ್ತೆಯನ್ನು ಬಿಟ್ಟು ಬೇಲಿಯೊಳಗೆ ಹೋದದ್ದು ಹೀಗೆ, ಹೆಣಗಳನ್ನು ಎಣಿಸಿದ ಮೇಲೆ. ರಾತ್ರಿ ಹತ್ತರ ಮೇಲೆ ನಂಜನಗೂಡು ರಸ್ತೆಯಲ್ಲಿ ಕಿವಿ ಕಿವುಡಾಗುವಂತೆ ಗಾಡಿ ಓಡಿಸುವ ನಮ್ಮ ಹುಡುಗರು ತಾವು ಹೊಸ ಕಾಲದವರೆಂದು ತಿಳಿದಿದ್ದಾರೆ. ಅವರು ಇನ್ನೂ 1903ರಲ್ಲಿಯೇ ಇದ್ದಾರೆ.

ನಮ್ಮ ದೇಶದಲ್ಲಿ ಬೇಲಿಯೊಳಗಿನ ಹಾದಿಯನ್ನು ಒದಗಿಸಿದ್ದು ಎರಡನೆಯ ಮಹಾಯುದ್ಧ. ಯುದ್ಧ ಮುಗಿದ ಮೇಲೆ ಪಾಳುಬಿದ್ದ ವಿಮಾನದ ಓಡುಪಟ್ಟಿಗಳು ಅಲ್ಲಲ್ಲಿ ಉಳಿದುವು. ಅಂಥದೊಂದು ಮದರಾಸಿನ ಉತ್ತರಕ್ಕಿರುವ ಶೋಲಾವರಂನಲ್ಲಿತ್ತು. 1953ರಲ್ಲಿ ಹುಟ್ಟಿದ ಮದರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಅಲ್ಲಿ ಪಂದ್ಯ ನಡೆಸಿದರು. ಮಹಾರಾಜರುಗಳ ಪರದೇಶದ ಗಾಡಿಗಳೂ ಅಲ್ಲಿ ಓಡಿದುವೆನ್ನಿ. ನನಗೆ ಮುಖ್ಯವಾಗಿ ಕಾಣುವುದು ಅವಲ್ಲ, ಫಿಯಟ್, ಹೆರಾಲ್ಡ್, ಅಂಬಾಸಡರ್‌ಗಳು. ಆಮದಿಗೆ ಬಾಗಿಲು ಮುಚ್ಚಿದ್ದ ಆ ದಿನಗಳಲ್ಲಿ ಮಧ್ಯಮ ವರ್ಗದವನಿಗೆ ಪಂದ್ಯದ ಚಪಲ ಬಂದರೆ, ಮನೆಯ ಮುಂದೆ ನಿಂತ ಗಾಡಿಯೊಂದೇ ಗತಿ.

ಫಿಯಟ್ಟಿನ 1089 ಸಿ.ಸಿ. ಎಂಜಿನ್ನಿನಲ್ಲಿ ಇದ್ದದ್ದು ನಲವತ್ತು ಚಿಲ್ಲರೆ ಕುದುರೆಗಳ ಬಲ. ಗೇರಿನ ಕೋಲು ಸ್ಟಿಯರಿಂಗಿನ ಪಕ್ಕದಲ್ಲಿ, ಹಿಂದೆ ಪಟ್ಟಿ ಸ್ಪ್ರಿಂಗು, ನಾಲ್ಕು ಚಕ್ರಕ್ಕೂ ಡ್ರಮ್ಮಿನ ಬ್ರೇಕು. ಇದನ್ನು ಪಂದ್ಯಕ್ಕೆ ಅಣಿಗೊಳಿಸುತ್ತಿದ್ದ ಮೆಕ್ಯಾನಿಕ್ಕುಗಳ ಕೈಚಳಕ ಒಂದು ಕಲೆಯೇ. ಎಂಜಿನ್ನಿನ ಹೆಡ್ಡನ್ನು ಕೂದಲೆಳೆಯಷ್ಟು ಹೆರೆದು ಒತ್ತಡ ಹೆಚ್ಚಿಸುವುದು, ಗಾಳಿ ಹೋಗುವ ಕಂಡಿಗಳನ್ನು ನಯಮಾಡುವುದು, ಒಂದಿದ್ದ ಕಾರ್ಬುರೇಟರನ್ನು ಎರಡು ಮಾಡುವುದು. ಆಮೇಲೆ ಹಿಂದಿನ ಸೀಟು, ಸ್ಟೆಪ್ನಿ, ಬಂಪರುಗಳನ್ನು ಕಳಚಿ ಮನೆಯಲ್ಲಿಟ್ಟು, ದೀಪದ ಗಾಜಿಗೆ ಪಟ್ಟಿ ಅಂಟಿಸಿ ಹೊರಡುವುದು. ಸೋಮವಾರ ಸೀಟು ಮತ್ತೆ ಬರುತ್ತಿತ್ತು. ಹೆರೆದ ಹೆಡ್ಡು ಬರುವಂತಿರಲಿಲ್ಲ. ಆ ಎಂಜಿನ್ನು ಪೇಟೆಯ ಸಾಧಾರಣ ಪೆಟ್ರೋಲಿಗೆ ಕಟಕಟ ಎನ್ನುತ್ತ ಮನೆಯವರ ಬೈಗುಳಕ್ಕೆ ಗುರಿಯಾಗುತ್ತಿತ್ತು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿ 1970ರ ದಶಕದಲ್ಲಿ ಆರಂಭವಾಯಿತು. ಶೋಲಾವರಂನ ಬದಲಿಗೆ 1990ರಲ್ಲಿ ಇರುಂಗಾಟ್ಟುಕೋಟೈಯ ಹಾದಿ ಬಂತು. ಮಾರುತಿಯ ಎಂಜಿನ್ನಿನಿಂದ ಪುಟ್ಟ ಪಂದ್ಯದ ಗಾಡಿಗಳನ್ನು ಕಟ್ಟಿದ ಕೊಯಮತ್ತೂರಿನ ಎಸ್. ಕರಿವರ್ಧನ್ 1995ರಲ್ಲಿ ವಿಮಾನಾಪಘಾತದಲ್ಲಿ ತೀರಿಕೊಂಡರು. ಅವರ ಹೆಸರಿನ ಕರಿ ಮೋಟಾರ್ ಸ್ಪೀಡ್‌ವೇ 2003ರಲ್ಲಿ ತೆರೆಯಿತು. ಆ ವೇಳೆಗೆ ಮನೆಯ ಗಾಡಿಗಳೂ ಬದಲಾಗಿದ್ದುವು: ಎಸ್ಟೀಮ್, ನೂರಕ್ಕೆ ಮೀರಿದ ಕುದುರೆಗಳ ಹೋಂಡಾ ಸಿಟಿ ವಿಟೆಕ್, ಲ್ಯಾನ್ಸರ್. 2017ರಲ್ಲಿ ಬಂದ ಆಕ್ಟೇವಿಯಾ ಆರ್‌ಎಸ್‌ಗೆ 230 ಕುದುರೆಗಳ ಬಲ. ಮೈಸೂರಿನಲ್ಲಿಯೂ ಲಲಿತಮಹಲ್ ಬಳಿಯ ಹೆಲಿಪ್ಯಾಡ್ ಮೈದಾನದ ಮಣ್ಣಿನಲ್ಲಿ ಕಾಲ ಎಣಿಸಿ ಓಡುವ ಪಂದ್ಯಗಳನ್ನು ಜನ ನೋಡಿದ್ದಾರೆ. ಆಟೋಕ್ರಾಸ್ ಎಂಬುದು ಇದೇ: ಒಬ್ಬೊಬ್ಬರೇ ಓಡುವುದು, ಗಡಿಯಾರವೊಂದೇ ಎದುರಾಳಿ. ಅಮೆರಿಕದವರು ಇದನ್ನು ಟಾರಿನ ಬಯಲಲ್ಲಿ ಶಂಕುಗಳನ್ನು ನಿಲ್ಲಿಸಿ ಆಡುತ್ತಾರೆ; ನಮ್ಮಲ್ಲಿ ಧೂಳು ಹೆಚ್ಚು.

ಗೆಳೆಯರ ಮಗ ಎಂಜಿನ್ನನ್ನು ಮುಟ್ಟಿರಲಿಲ್ಲ. ಬಲ ಸಾಕಷ್ಟಿದೆ, ಇಲ್ಲದ್ದು ನಿಲ್ಲುವ ಶಕ್ತಿ ಎಂದ. ನಂಜನಗೂಡಿನಲ್ಲಿ ಬೆಳೆದವನಿಗೆ ಇದು ಅರ್ಥವಾಗದ ಮಾತಲ್ಲ. ದೊಡ್ಡ ಜಾತ್ರೆಯ ತೇರನ್ನು ಎಳೆಯಲು ಸಾವಿರಾರು ಕೈ. ಚಕ್ರದ ಮುಂದೆ ಹೊತ್ತಿಗೆ ಸರಿಯಾಗಿ ಮರದ ದಿಮ್ಮಿಯೊಡ್ಡಿ ಅದನ್ನು ನಿಲ್ಲಿಸುವವರು, ತಿರುಗಿಸುವವರು ಕೆಲವರೇ. ಊರಿನ ಉಸಿರೆಲ್ಲ ಅವರ ಕೈಯಲ್ಲಿರುತ್ತದೆ.

ಲೆಕ್ಕ ಹಾಕಿ ನೋಡೋಣ. ಸಾವಿರದ ನಾನೂರು ಕಿಲೋ ತೂಕದ ಕಾರು ಗಂಟೆಗೆ 150 ಕಿಲೋಮೀಟರು ವೇಗದಿಂದ ಪೂರಾ ನಿಂತರೆ, ಆಗ ಹುಟ್ಟುವ ಶಾಖ ಮೂರೂವರೆ ಲೀಟರು ನೀರನ್ನು ಕುದಿಸಬಲ್ಲುದು. ಪಂದ್ಯದ ಹಾದಿಯಲ್ಲಿ ಗಾಡಿ ಪೂರಾ ನಿಲ್ಲುವುದಿಲ್ಲ, ನಿಜ. ಆದರೆ ತಿರುವು ತಿರುವಿಗೂ ಬ್ರೇಕು ಒತ್ತಬೇಕಲ್ಲ. ಕೆಲವು ಸುತ್ತಿನಲ್ಲಿ ಹಂಡೆ ನೀರು ಕಾಯುವಷ್ಟು ಶಾಖ! ಬ್ರೇಕಿನ ಎಣ್ಣೆ ಕುದಿದರೆ ಅದರಲ್ಲಿ ಗುಳ್ಳೆಯೆದ್ದು ಪೆಡಲು ನೆಲಕ್ಕೆ ಹೋಗುತ್ತದೆ. ಡಾಟ್ 4 ಎಂಬ ಎಣ್ಣೆ ಹೊಸತಿದ್ದಾಗ 230 ಡಿಗ್ರಿಯವರೆಗೂ ಕುದಿಯಬಾರದೆಂಬುದು ನಿಯಮ. ಗಾಳಿಯ ತೇವ ಕುಡಿದ ಮೇಲೆ 155 ಡಿಗ್ರಿ ತಡೆದರೆ ಸಾಕೆನ್ನುತ್ತಾರೆ. ಹೊಳೆಯ ದಂಡೆಯ ಊರಿನಲ್ಲಿ ಒಂದು ಮಳೆಗಾಲ ಕಳೆದ ಎಣ್ಣೆಯನ್ನು ನಂಬಿ ಪಂದ್ಯಕ್ಕೆ ಹೋಗಬಾರದೆಂದು ಹುಡುಗ ಅದನ್ನು ಪ್ರತಿಸಲವೂ ಬದಲಿಸುತ್ತಾನೆ.

ಆದರೆ ನಿಜವಾದ ಇಕ್ಕಟ್ಟು ಬೇರೆ ಇದೆ. ಕೊಯಮತ್ತೂರಿಗೆ ಇಲ್ಲಿಂದ ಸುಮಾರು ಇನ್ನೂರು ಕಿಲೋಮೀಟರು; ಚಾಮರಾಜನಗರ ದಾಟಿ ದಿಂಬಂ ಘಾಟಿಯ ಇಪ್ಪತ್ತೇಳು ಹಿಮ್ಮುರಿ ತಿರುವುಗಳನ್ನು ಇಳಿಯಬೇಕು. ಪಂದ್ಯಕ್ಕೆಂದೇ ಮಾಡಿದ ಬ್ರೇಕ್ ಪ್ಯಾಡು ಕಾದರೆ ಮಾತ್ರ ಕಚ್ಚುತ್ತದೆ; ಬೆಳಗಿನ ಚಳಿಯಲ್ಲಿ, ಲಾರಿಯ ಹಿಂದೆ, ಮೊದಲ ಒತ್ತಿಗೆ ಅದು ಜಾರುತ್ತದೆ. ಮನೆಯ ಪ್ಯಾಡು ಘಾಟಿಯಲ್ಲಿ ಸುಖ, ಪಂದ್ಯದಲ್ಲಿ ಸುಟ್ಟು ನಾರುತ್ತದೆ. ನಡುವಣ ಜಾತಿಯದೊಂದನ್ನು ಹಾಕಿಸಿ ಸುತ್ತುಗಳನ್ನೇ ಕಡಿಮೆ ಮಾಡಿದ್ದಾನೆ. ಐದು ಸುತ್ತು, ಮತ್ತೆ ವಿಶ್ರಾಂತಿ. ಚಕ್ರದ ಓರೆಯೂ ಹಾಗೆಯೇ. ಚಕ್ರದ ತಲೆಯನ್ನು ಒಳಕ್ಕೆ ಬಾಗಿಸಿದರೆ ತಿರುವಿನಲ್ಲಿ ಟೈರು ನೆಲವನ್ನು ಪೂರಾ ಹಿಡಿಯುತ್ತದೆ, ಆದರೆ ನರಸೀಪುರದ ನೇರ ರಸ್ತೆಯಲ್ಲಿ ಅದರ ಒಳ ಅಂಚು ಬೇಗ ಸವೆಯುತ್ತದೆ. ಟೈರಿನ ಭುಜಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಓಡಿಬಂದ ಮೇಲೆ ಎಷ್ಟು ಅಳಿಸಿದೆಯೆಂದು ನೋಡಿ ಗಾಳಿಯ ಒತ್ತಡ ತಿದ್ದುವ ಹಳೆಯ ಉಪಾಯವನ್ನು ಅವನೂ ಮಾಡುತ್ತಾನೆ. ಗಾಡಿಯನ್ನು ಕೆಳಕ್ಕೆ ಇಳಿಸುವ ಆಸೆ ಒಮ್ಮೆ ಬಂದಿತ್ತಂತೆ. ನಮ್ಮೂರ ರಸ್ತೆಯ ಉಬ್ಬುಗಳು ಅದನ್ನು ಬಿಡಿಸಿದುವು.

"ಅಪ್ಪ ಏನೆನ್ನುತ್ತಾರೆ?" ಎಂದೆ.

"ಬೈತಾರೆ ಸಾರ್. ಆದರೆ ಮೊದಲು ನಾನೂ ರಾತ್ರಿ ಈ ರಸ್ತೆಯಲ್ಲೇ ಓಡಿಸ್ತಿದ್ದೆ. ಆಗ ಅವರಿಗೆ ಗೊತ್ತಿರಲಿಲ್ಲ, ಅದಕ್ಕೇ ಬೈತಿರಲಿಲ್ಲ."

ಹಿಂದಿನ ಸೀಟಿನಲ್ಲಿ ತಾಯಿಯನ್ನು ಕೂರಿಸಿಕೊಂಡು ಅವನು ನರಸೀಪುರದ ಕಡೆ ಹೊರಟ. ಸೇತುವೆಯ ಕೆಳಗಿನ ಕಪಿಲೆಯೂ ಅತ್ತಲೇ, ಕಾವೇರಿಯನ್ನು ಕೂಡಲು, ತನ್ನ ಪಾಡಿಗೆ ಹರಿಯುತ್ತಿತ್ತು.