ಹಿತ್ತಾಳೆಯ ತೋಟಾವೂ ಮಳೆಗಾಲವೂ

ಕೋವಿಯ ಚರಿತ್ರೆಯನ್ನು ಬರೆಯುವವರು ನಳಿಗೆಯನ್ನೂ ಗುಂಡನ್ನೂ ವರ್ಣಿಸಿ, ಮದ್ದನ್ನು ತನ್ನೊಳಗಿರಿಸಿಕೊಂಡು ಕಾಯುವ ಹಿತ್ತಾಳೆಯ ಕವಚವನ್ನು ಮರೆತುಬಿಡುವುದುಂಟು. 1857ರ ಬಂಡಾಯದ ಕಾರಣಗಳಲ್ಲೊಂದಾದ ಕೊಬ್ಬು ಸವರಿದ ಕಾಗದದ ತೋಟಾದ ಕಥೆಯು ಸರ್ವವಿದಿತವಾದುದು. ಅದರ ತರುವಾಯ ಬಂದ ಹಿತ್ತಾಳೆಯ ತೋಟಾವು ಇದೇ ದೇಶದಲ್ಲಿ ಬೇರೊಂದು ತೊಡಕನ್ನು ತಂದೊಡ್ಡಿದುದು ಅಷ್ಟು ಪ್ರಸಿದ್ಧವಲ್ಲ.

ಈ ಹಿತ್ತಾಳೆಯಲ್ಲಿ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತುವು. ಬಿಲ್ಲೆಯನ್ನು ಬಟ್ಟಲಾಗಿ ಒತ್ತಿ, ಅಚ್ಚುಗಳಲ್ಲಿ ಮತ್ತೆ ಮತ್ತೆ ಎಳೆದು ನೀಳಮಾಡುವರು. 1888ರಲ್ಲಿ ಬ್ರಿಟಿಷ್ ಸೈನ್ಯವು ಸ್ವೀಕರಿಸಿದ ಲೀ-ಮೆಟ್ಫರ್ಡ್ ಕೋವಿಯ ತೋಟಾಕ್ಕೆ ಸೀಸೆಯಂತೆ ಕಿರಿದಾದ ಕೊರಳು. ತಣ್ಣಗಿರುವಾಗಲೇ ಅಮುಕಿದ ಹಿತ್ತಾಳೆಯು ಗಡಸಾಗುವುದಲ್ಲದೆ, ಅದರೊಳಗೆ ಕಣ್ಣಿಗೆ ಕಾಣದ ಬಿಗಿತವೂ ಉಳಿಯುವುದು. ನಮ್ಮ ಕಂಚುಗಾರರು ಇದನ್ನು ಚೆನ್ನಾಗಿ ಬಲ್ಲರು. ಬಡಿದ ಪಾತ್ರೆಯನ್ನು ನಡುನಡುವೆ ಬೆಂಕಿಗೆ ಹಿಡಿಯದಿದ್ದರೆ ಅಂಚು ಸೀಳುವುದು.

ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯದ ತೋಟಾಗಳು ಮಳೆಗಾಲದಲ್ಲಿ, ಒಮ್ಮೆಯೂ ಹಾರಿಸದೆಯೇ, ತಾವಾಗಿ ಬಿರಿಯತೊಡಗಿದುವು. ಕೊರಳು ಸೀಳಿದ ತೋಟಾವು ಗುಂಡನ್ನು ಬಿಗಿಯಾಗಿ ಹಿಡಿಯಲಾರದು. ಮದ್ದಿಗೆ ತೇವವೂ ತಗಲುವುದು. ಅಂಥದನ್ನು ನಂಬಿ ಕಾಳಗಕ್ಕೆ ನಡೆಯುವ ಸಿಪಾಯಿಯ ಪಾಡೇನು! ಮಳೆಗಾಲದಲ್ಲಿ ತಲೆದೋರಿದುದರಿಂದ ಇದಕ್ಕೆ ಋತುಬಿರುಕೆಂದು ಹೆಸರಾಯಿತು. ಹೆಸರೇನೋ ದೊರೆಯಿತು, ಕಾರಣವು ಬಹುಕಾಲ ದೊರೆಯಲಿಲ್ಲ.

1921ರಲ್ಲಿ ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ಮೂವರು ಲೋಹಶಾಸ್ತ್ರಜ್ಞರು ಇದನ್ನು ಬಿಡಿಸಿ ತೋರಿಸಿದರು. ತೋಟಾಗಳನ್ನು ಕೂಡಿಟ್ಟಿದ್ದ ಕುದುರೆಲಾಯಗಳಲ್ಲಿ ಗಂಜಲದಿಂದೇಳುವ ಅಮೋನಿಯಾ ವಾಯುವು ಮಳೆಗಾಲದ ತೇವದೊಡನೆ ಸೇರಿ, ಬಿಗಿತವುಳಿದ ಹಿತ್ತಾಳೆಯನ್ನು ಕಣಕಣಗಳ ಸಂದಿನಲ್ಲಿ ಸೀಳುತ್ತಿದ್ದಿತು. ಶತ್ರುವಿನ ಕೈಗೆ ಸಿಕ್ಕದ ತೋಟಾವನ್ನು ಸ್ವಪಕ್ಷದ ಕುದುರೆಯೇ ಕೆಡಿಸಿತೆಂಬುದು ವಿನೋದವಾಗಿ ತೋರಬಹುದು. ಕುದುರೆಯ ತಪ್ಪಿಗಿಂತಲೂ ಅಚ್ಚಿನ ತಪ್ಪೇ ಹಿರಿದು. ಸುಮಾರು 250ರಿಂದ 300 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಕಾಯಿಸಿದರೆ ಲೋಹದ ಗಡಸು ಕುಂದದೆ ಒಳಬಿಗಿತ ಮಾತ್ರ ಸಡಿಲುವುದೆಂದು ತಿಳಿದುಬಂದಿತು.

ಹಾರಿಸಿದ ಕವಚಕ್ಕೆ ಮತ್ತೆ ಮದ್ದು ತುಂಬಿಕೊಳ್ಳುವ ಬೇಟೆಗಾರರಿಗೂ ಗುರಿಕಾರರಿಗೂ ಇದೇ ಲೋಹಗುಣವು ಎದುರಾಗುವುದು. ಸಿಡಿತದಿಂದ ಉಬ್ಬಿದ ಕವಚವನ್ನು ಅಚ್ಚಿಗೆ ಒತ್ತಿ ಮೊದಲಿನ ಅಳತೆಗೆ ತರುವಾಗ ಪ್ರತಿಸಲವೂ ಕೊರಳು ಗಡಸಾಗುವುದು. ಕೆಲವು ಸಲದ ಬಳಿಕ ಸೀಳುವುದು. ಆದುದರಿಂದ ಹಿಂದಿನವರು ತೋಟಾಗಳನ್ನು ನೀರಿನ ತಟ್ಟೆಯಲ್ಲಿ ನೆಟ್ಟಗೆ ನಿಲ್ಲಿಸಿ, ಕೊರಳಿಗೆ ಮಾತ್ರ ಉರಿ ಹಿಡಿದು, ಕೂಡಲೆ ನೀರಿಗೆ ಉರುಳಿಸುತ್ತಿದ್ದರು. ಬುಡವು ಮೆತ್ತಗಾಗಕೂಡದು. ಸಿಡಿತದ ಒತ್ತಡವನ್ನು ತಾಳಬೇಕಾದುದು ಅದೇ. ಸೈನ್ಯದ ತೋಟಾಗಳ ಕೊರಳಲ್ಲಿ ಇಂದಿಗೂ ಕಾಣುವ ನಸುನೀಲಿಯ ಛಾಯೆಯನ್ನು ಅರಿಯದವರು ಕಿಲುಬೆಂದು ಉಜ್ಜುವರು. ಅದು ಬೆಂಕಿ ಹಿಡಿದ ಗುರುತು.