ಖಾನರ ಮನೆಯೊಳಗಿನ 1971

‘ಈಸ್ಟ್ ಈಸ್ ಈಸ್ಟ್’ 1999ರಲ್ಲಿ ಬಂದ ಬ್ರಿಟಿಷ್ ಚಿತ್ರ. ಹೊಟ್ಟೆ ತುಂಬ ನಗಿಸುತ್ತದೆ, ಮರುಕ್ಷಣವೇ ಮುಜುಗರಕ್ಕೆ ಈಡುಮಾಡುತ್ತದೆ. ಅದರ ಹಿಂದಿನ ಚರಿತ್ರೆ ತಿಳಿದವರಿಗೆ ಈ ಮುಜುಗರ ಇನ್ನೂ ಹೆಚ್ಚು.

ಕಥೆ ನಡೆಯುವುದು 1971ರಲ್ಲಿ, ಮ್ಯಾಂಚೆಸ್ಟರ್ ಪಕ್ಕದ ಸಾಲ್‌ಫರ್ಡ್‌ನಲ್ಲಿ. ಮೀನು-ಚಿಪ್ಸ್ ಅಂಗಡಿಯ ಜಾರ್ಜ್ ಖಾನ್, ಇಂಗ್ಲಿಷ್ ಹೆಂಡತಿ ಎಲಾ, ಏಳು ಮಕ್ಕಳು. ಖಾನರ ಮೊದಲ ಹೆಂಡತಿ ಊರಿನಲ್ಲೇ ಉಳಿದಿದ್ದಾಳೆ. ಮಕ್ಕಳು ಕ್ರೈಸ್ತರ ಮೆರವಣಿಗೆಯಲ್ಲಿ ಹೆಜ್ಜೆ ಹಾಕುತ್ತಾ, ತಂದೆ ಬಂದನೆಂದು ತಿಳಿದೊಡನೆ ಹಿತ್ತಿಲ ಓಣಿಗೆ ಓಡುವುದರಿಂದಲೇ ಚಿತ್ರ ಆರಂಭವಾಗುತ್ತದೆ.

ಖಾನ್ ಬ್ರಿಟನ್ನಿಗೆ ಬಂದದ್ದು 1937ರಲ್ಲಿ. ಪಾಕಿಸ್ತಾನ ಹುಟ್ಟಿದ್ದು ಅದಾಗಿ ಹತ್ತು ವರ್ಷಕ್ಕೆ! ಯಾವ ದೇಶದ ಮರ್ಯಾದೆಗಾಗಿ ಆತ ಮಕ್ಕಳನ್ನು ಹೊಡೆಯುತ್ತಾನೋ, ಆ ದೇಶ ಹುಟ್ಟಿದ್ದು ಆತ ಊರು ಬಿಟ್ಟ ಮೇಲೆ. 1971ರ ಡಿಸೆಂಬರ್‌ನಲ್ಲಿ ಅದೇ ದೇಶ ಎರಡು ಹೋಳಾಯಿತು. ಆ ಯುದ್ಧದ ಸುದ್ದಿಗೆ ಕಿವಿಗೊಟ್ಟು ಕುಳಿತ ಮನುಷ್ಯನಿಗೆ ತನ್ನ ಮನೆ ಒಡೆಯುತ್ತಿರುವುದು ಕಾಣಿಸುವುದಿಲ್ಲ.

ಹೊರಗಿನ ವಾತಾವರಣವೂ ಬಿಸಿಯಾಗಿತ್ತು. ಯುದ್ಧಾನಂತರ ಬಟ್ಟೆ ಗಿರಣಿಗಳಿಗೆ ಕೈಗಳು ಬೇಕಿದ್ದಾಗ ಕಾಮನ್‌ವೆಲ್ತ್ ಪ್ರಜೆಗಳಿಗೆ ಬಾಗಿಲು ತೆರೆದಿತ್ತು. 1962ರ ಕಾಯ್ದೆ ಅದನ್ನು ಅರ್ಧ ಮುಚ್ಚಿತು. 1968ರ ಏಪ್ರಿಲ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಇನಾಕ್ ಪವೆಲ್ ವಲಸಿಗರ ವಿರುದ್ಧ ಕುಖ್ಯಾತ ಭಾಷಣ ಮಾಡಿದರು. ಚಿತ್ರದ ನೆರೆಮನೆಯಾತ ಅದೇ ಪವೆಲ್‌ನ ಅಭಿಮಾನಿ. ಅವನ ಮೊಮ್ಮಗ ಖಾನನ ಕಿರಿಮಗ ಸಾಜಿದ್‌ನ ಗೆಳೆಯ. ಹೀಗೆ ಎರಡು ಕಡೆಯ ಒತ್ತಡದಲ್ಲಿ ಸಿಕ್ಕ ತಂದೆಗೆ ಮಕ್ಕಳ ಮೇಲಿನ ಹಿಡಿತವೊಂದೇ ಉಳಿದ ಆಸ್ತಿ.

ಇದು ಕಾರಣವೇ ಹೊರತು ಸಮರ್ಥನೆಯಲ್ಲ. ಹಿರಿಮಗ ನಜೀರ್ ನಿಕಾಹ್‌ನ ಸಭೆಯಿಂದಲೇ ಎದ್ದು ಓಡುತ್ತಾನೆ. ವಧೂವರರ ಒಪ್ಪಿಗೆ ಇಲ್ಲದೆ ನಿಕಾಹ್ ಎಲ್ಲಿಯದು? ತಾನು ಮೆಚ್ಚಿದವಳನ್ನು ಮದುವೆಯಾದವನು ಮಕ್ಕಳಿಗೆ ಅದನ್ನೇ ನಿರಾಕರಿಸುವುದನ್ನು ಧರ್ಮದ ತಲೆಗೆ ಕಟ್ಟುವುದು ತಪ್ಪು. ಚಿತ್ರ ಈ ವ್ಯತ್ಯಾಸವನ್ನು ಸ್ಪಷ್ಟಪಡಿಸುವುದಿಲ್ಲ ಎಂಬುದು ನನ್ನ ಆಕ್ಷೇಪ.

ನಿರ್ದೇಶಕ ಡೇಮಿಯನ್ ಒಡೊನೆಲ್ ಹದ ತಪ್ಪುವುದೂ ಉಂಟು. ಹೆಣ್ಣು ಕೊಡಲು ಬಂದವರ ಮಡಿಲಿಗೆ ಮಗನ ಅಶ್ಲೀಲ ಶಿಲ್ಪ ಬೀಳುವ ದೃಶ್ಯ ಅಗ್ಗದ ತಮಾಷೆ. ಎಲಾಳನ್ನು ಖಾನ್ ಥಳಿಸುವಾಗ ಮಾತ್ರ ಯಾರಿಗೂ ನಗು ಬರದು.

ಇಷ್ಟಾದರೂ ಚಿತ್ರ ನಿಲ್ಲುವುದು ಓಂ ಪುರಿಯವರಿಂದ. ಅದೇ ವರ್ಷ ಕನ್ನಡಿಗರು ಅವರನ್ನು ಶಿವರಾಜ್‌ಕುಮಾರ್ ಜೊತೆ ‘ಎಕೆ 47’ರಲ್ಲಿ ಕಂಡಿದ್ದರು. 2017ರ ಜನವರಿಯಲ್ಲಿ ಅವರು ತೀರಿಕೊಂಡರು. ಲೇಖಕ ಅಯೂಬ್ ಖಾನ್-ದಿನ್ ಸಾಲ್‌ಫರ್ಡ್‌ನ ತಮ್ಮ ಮನೆಯ ನೆನಪಿನಿಂದಲೇ ಮೊದಲು ಇದನ್ನು ನಾಟಕವಾಗಿ ಬರೆದವರು. ಹೊಡೆಯುವ ತಂದೆಯನ್ನು ಅವರು ರಾಕ್ಷಸನನ್ನಾಗಿ ಮಾಡಲಿಲ್ಲ. ಕೊನೆಗೆ ಸೋತು ಅಂಗಡಿಯಲ್ಲಿ ಕುಳಿತ ಗಂಡನಿಗೆ ಎಲಾ ಚಹಾ ಬೇಕೇ ಎಂದು ಕೇಳುತ್ತಾಳೆ. ಆತ ಎಂದಿನಂತೆ ಅರ್ಧ ಕಪ್ ಸಾಕೆನ್ನುತ್ತಾನೆ.